ಬೀಗರ ಊಟ ಮುಗಿಸಿ ಗಿಗ್ಗಿಗೆ ಹೋದದ್ದು

ಶುಕ್ರವಾರ ಬಂತೆಂದರೆ ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಬಸ್ಸಿನಲ್ಲಿ ನನಗೆ ಕಿಟಕಿ ಪಕ್ಕದ ಸೀಟೇ ಆಗಬೇಕು. ಲೋಕದ ಬ್ಯಾಂಡುಗಳೆಲ್ಲ ಹೊಸ ಹಾಡು ಬಿಡುವುದು ಶುಕ್ರವಾರವೇ. ಅದು ಯಾರು ಮಾಡಿದ ಕಟ್ಟಳೆಯೋ ಗೊತ್ತಿಲ್ಲ, ನಾನಂತೂ ಅದನ್ನು ವ್ರತದ ಹಾಗೆ ನಡೆಸಿಕೊಂಡು ಬಂದಿದ್ದೇನೆ. ಮಳವಳ್ಳಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವುದು ನನ್ನ ಕೆಲಸ. ಹೋಗುವಾಗ ಒಂದು ಆಲ್ಬಮ್ಮು, ಬರುವಾಗ ಒಂದು ಆಲ್ಬಮ್ಮು. ಒಳ್ಳೆಯ ಆಲ್ಬಮ್ಮು ಮದ್ದೂರು ಬಿಟ್ಟಾಗ ಶುರುವಾಗಿ ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಮುಗಿಯಬೇಕು. ಅರ್ಧ ದಾರಿಯ ಕೆ.ಎಂ. ದೊಡ್ಡಿ ಬರುವಷ್ಟರಲ್ಲೇ ಮುಗಿದುಹೋದರೆ ಅದು ಊಟವಲ್ಲ, ಉಪ್ಪಿನಕಾಯಿ.

ನಾನು ಕೇಳುವುದು ಸಿನಿಮಾ ಹಾಡಲ್ಲ, ಭಕ್ತಿಗೀತೆಯಲ್ಲ, ಭಾವಗೀತೆಯೂ ಅಲ್ಲ. ಎರಡು ಗಿಟಾರು, ಒಂದು ಬೇಸು, ಒಂದು ಡ್ರಮ್ಮು, ಜೊತೆಗೆ ಮೂರು ದಿನದಿಂದ ನಿದ್ದೆಯಿಲ್ಲದವನ ಗಂಟಲು. ಇದಕ್ಕೆ ಆಲ್ಟರ್ನೇಟಿವ್ ರಾಕ್ ಅನ್ನುತ್ತಾರೆ. ಸ್ಟಾಫ್ ರೂಮಿನಲ್ಲಿ ಇದನ್ನು ವಿವರಿಸಲು ಒಮ್ಮೆ ಹೊರಟು, ಎಲ್ಲರೂ ನನಗೆ ಮನೆಯಲ್ಲಿ ಏನೋ ಕಷ್ಟವಿರಬೇಕು ಎಂದುಕೊಂಡ ಮೇಲೆ ಕೈಬಿಟ್ಟೆ.

ಈ ಬ್ಯಾಂಡುಗಳ ಈಚಿನ ಸುದ್ದಿಗಳನ್ನು ಓದಿದರೆ ಮೈ ಉರಿಯುತ್ತದೆ. ಆಲ್ಬಮ್ಮು ಬರುವ ಮೊದಲೇ ಅದರ ಅರ್ಧ ಹಾಡುಗಳನ್ನು ಒಂದೊಂದಾಗಿ ಬಿಟ್ಟುಬಿಡುತ್ತಾರೆ. ಅಡುಗೆಮನೆಯಲ್ಲಿ ರುಚಿ ನೋಡಿ ನೋಡಿಯೇ ಹೊಟ್ಟೆ ತುಂಬಿದ ಮೇಲೆ ಎಲೆ ಹಾಕಿದರೆ ಯಾರು ಉಣ್ಣುತ್ತಾರೆ? ಹಳೇ ಆಲ್ಬಮ್ಮಿಗೆ ಸುಣ್ಣಬಣ್ಣ ಬಳಿದು ಮತ್ತೆ ಮಾರುವವರು ಇನ್ನೊಂದು ಕಡೆ. 'ಇದೇ ನಮ್ಮ ಕೊನೆಯ ಪ್ರವಾಸ' ಎಂದು ಕಣ್ಣೊರೆಸಿಕೊಂಡವರು ಎರಡು ವರ್ಷ ಬಿಟ್ಟು ಮತ್ತೊಂದು ಕೊನೆಯ ಪ್ರವಾಸ ಹೊರಡುತ್ತಾರೆ. ಮುಖ ಮುರಿದುಕೊಂಡು ಬೇರೆಯಾದವರು ಮತ್ತೆ ಒಂದೇ ವೇದಿಕೆಗೆ ಬಂದರೆ ಅದು ಪ್ರೀತಿಯೋ ಟಿಕೆಟ್ಟಿನ ವ್ಯಾಪಾರವೋ ಹೇಳುವುದು ಕಷ್ಟ. ಇಷ್ಟೆಲ್ಲ ಬೈದುಕೊಂಡರೂ ಅವರು ಮತ್ತೆ ಕೂಡಿ ಹಾಡಿದ ವಿಡಿಯೋ ನೋಡಿ ಬಸ್ಸಿನಲ್ಲಿ ಕಣ್ಣೀರು ಹಾಕುವವಳು ನಾನೇ. ಕಂಡಕ್ಟರು ಒಂದು ಸಲ ಇಳಿಯುವಾಗ "ಧೈರ್ಯವಾಗಿರಿ ಮೇಡಂ" ಅಂದಿದ್ದ.

ಮನೆಯಲ್ಲಿ ನನ್ನ ಈ ಹುಚ್ಚಿಗೆ ಸಾಕ್ಷಿ ನಮ್ಮ ಅತ್ತೆ. ಬಂಡೂರಿನ ಪಕ್ಕದ ಹಳ್ಳಿಯವರು, ಮದ್ದೂರಿಗೆ ಸೊಸೆಯಾಗಿ ಬಂದು ನಲವತ್ತು ವರ್ಷದ ಮೇಲಾಯಿತು. ಮಾತು ಮಾತ್ರ ಇನ್ನೂ ತವರಿನದೇ. ನಾನು ಸ್ಪೀಕರಿನಲ್ಲಿ ಹಾಡು ಹಾಕಿದರೆ ಸಾಕು, "ಎಮ್ಮೆಗೆ ಇಂಜೆಕ್ಸನ್ ಚುಚ್ದಂಗೆ ಅದ್ಯಾಕಮ್ಮಿ ಅಂಗ್ ಕಿರುಚ್ಕತಾನೆ?" ಎಂದು ಕೇಳುತ್ತಿದ್ದರು. ಅವರಿಗೆ ಕಿರಿಕಿರಿ ಯಾಕೆಂದು ನಾನು ಇಯರ್‌ಫೋನಿಗೆ ಇಳಿದೆ. ಆದರೆ ಪಾತ್ರೆ ತೊಳೆಯುವಾಗ ಕೈ ಒದ್ದೆ, ಕಿವಿ ಖಾಲಿ. ಆಗ ಬಾಯಲ್ಲೇ ಗುನುಗುವುದು ಅಭ್ಯಾಸವಾಯಿತು.

ಗುನುಗುತ್ತಿದ್ದದ್ದು ಹೆಚ್ಚಾಗಿ ಒಂದೇ ಹಾಡು. ಅದು ಮಂಡ್ಯದ ನಾಲ್ಕು ಜನರ ಒಂದು ಬ್ಯಾಂಡಿನದು. ಓದಲು ಬೆಂಗಳೂರಿಗೆ ಹೋಗಿ ಅಲ್ಲೇ ಬ್ಯಾಂಡು ಕಟ್ಟಿದವರು, ಆದರೆ ಹಾಡುವುದು ನಮ್ಮ ಮಾತಿನಲ್ಲಿ. ಕರೆಂಟು ಹೋದದ್ದು, ನಾಲೆಯಲ್ಲಿ ನೀರು ಬಿಟ್ಟದ್ದು, ಕೊನೇ ಬಸ್ಸು ತಪ್ಪಿದ್ದು, ಇವೇ ಅವರ ಹಾಡುಗಳು. ಗಿಟಾರಿನ ಸದ್ದಿನ ನಡುವೆ 'ಕುಂತವ್ಳೆ', 'ಒಂಟೋದ' ಎಂಬ ಮಾತು ಮೊದಲ ಸಲ ಕಿವಿಗೆ ಬಿದ್ದಾಗ ಬಸ್ಸಿನಲ್ಲೇ ನಗು ಬಂತು. ನಮ್ಮನ್ನೂ ಹೀಗೆ ಹಾಡಬಹುದು ಅಂತ ಯಾರೂ ಹೇಳಿರಲಿಲ್ಲ ನೋಡಿ. ಎರಡು ಆಲ್ಬಮ್ಮು ಮಾಡಿದರು. ಮೊದಲನೆಯದು ಚೆನ್ನ, ಎರಡನೆಯದು ಇನ್ನೂ ಚೆನ್ನ. ಅಲ್ಲ ಎನ್ನುವವರ ಜೊತೆ ಜಗಳಕ್ಕೆ ನಾನು ಈಗಲೂ ಸಿದ್ಧ.

ನಾನು ಗುನುಗುತ್ತಿದ್ದ ಹಾಡು ಮಾತ್ರ ಈ ಎರಡು ಆಲ್ಬಮ್ಮಿನಲ್ಲೂ ಇಲ್ಲ. ಬೆಂಗಳೂರಿನ ಯಾವುದೋ ಗಿಗ್ಗಿನಲ್ಲಿ, ಅಂದರೆ ಬ್ಯಾಂಡಿನವರ ಸಂಗೀತ ಕಚೇರಿಯಲ್ಲಿ, ಯಾರೋ ಮೊಬೈಲಿನಲ್ಲಿ ರೆಕಾರ್ಡು ಮಾಡಿ ಹಂಚಿದ್ದು. ಹಾಡಿನ ಹಿಂದೆ ಗ್ಲಾಸಿನ ಸದ್ದು, ಯಾರದೋ ಕೆಮ್ಮು. ಹಾಡು ಇಷ್ಟೇ: ಇಬ್ಬರು ಗೆಳೆಯರು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ದಿನಾ ಕೂರುತ್ತಿದ್ದರು. ಒಬ್ಬ ಮುನಿಸಿಕೊಂಡು ಊರು ಬಿಟ್ಟ. ಎಷ್ಟೋ ಕಾಲದ ಮೇಲೆ ಈಗ ವಾಪಸ್ಸು ಬರುತ್ತಿದ್ದಾನೆ. 'ನೀನಿನ್ನೂ ಅಲ್ಲೇ ಕುಂತಿದ್ರೆ' ಎನ್ನುತ್ತಾನೆ, ಅಷ್ಟಕ್ಕೆ ರೆಕಾರ್ಡಿಂಗು ಪಟ್ಟನೆ ನಿಂತುಬಿಡುತ್ತದೆ. ರೆಕಾರ್ಡು ಮಾಡಿದವನ ಬ್ಯಾಟರಿ ಮುಗಿದಿರಬೇಕು ಎಂದು ಅವನಿಗೆ ನಾನು ಹಾಕದ ಶಾಪವಿಲ್ಲ. ಕುಂತಿದ್ರೆ ಏನು? ಏನು ಮಾಡುತ್ತಾನೆ? ಅದನ್ನು ಕೇಳಬೇಕೆಂದರೆ ಗಿಗ್ಗಿಗೆ ಹೋಗಬೇಕು. ಗಿಗ್ಗೆಲ್ಲ ಬೆಂಗಳೂರಿನಲ್ಲಿ, ಅದು ಶುರುವಾಗುವ ಹೊತ್ತೇ ನಮ್ಮೂರಿನ ಕೊನೇ ರೈಲು ಹೊರಡುವ ಹೊತ್ತು. ಹೀಗಾಗಿ ಒಮ್ಮೆಯೂ ಹೋಗಲಾಗಿರಲಿಲ್ಲ.

ಹೀಗಿರುವಾಗ ಹೋದ ವರ್ಷ ಒಂದು ಶುಕ್ರವಾರ ಹೊಸ ಹಾಡಿನ ಬದಲು ಹೊಸ ಸುದ್ದಿ ಬಂತು. ಬ್ಯಾಂಡು ಮುಗಿಯಿತು, ನಮ್ಮ ನಮ್ಮ ದಾರಿ ಹಿಡಿಯುತ್ತಿದ್ದೇವೆ, ಕೊನೆಯ ಗಿಗ್ಗು ಹುಟ್ಟೂರು ಮಂಡ್ಯದಲ್ಲಿ, ಭಾನುವಾರ ಸಂಜೆ ಐದಕ್ಕೆ. ದುಃಖಕ್ಕೂ ಸಂತೋಷಕ್ಕೂ ಒಟ್ಟಿಗೇ ಟಿಕೆಟ್ಟು ತೆಗೆದ ಹಾಗಾಯಿತು. ಮಂಡ್ಯ! ಬಸ್ಸು ಹತ್ತಿದರೆ ಸಿಗುವ ಊರು, ಸಂಜೆ ಐದು ಎಂಬ ಸಜ್ಜನರ ಹೊತ್ತು. ಆಮೇಲೆ ಕ್ಯಾಲೆಂಡರು ನೋಡಿದೆ. ಅದೇ ಭಾನುವಾರ ಅತ್ತೆಯ ತಮ್ಮನ ಮಗಳ ಮದುವೆಯ ಬೀಗರ ಊಟ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹಾಗೆ.

ನಮ್ಮ ಸೀಮೆಯಲ್ಲಿ ಮದುವೆಯ ಧಾರೆಗೆ ಹೋಗದಿದ್ದರೂ ಕ್ಷಮೆಯುಂಟು, ಬೀಗರ ಊಟ ತಪ್ಪಿಸಿದರೆ ಇಲ್ಲ. ಗಂಡಿನ ಕಡೆಯವರನ್ನು ಕರೆದು ಮುದ್ದೆ, ಮಟನ್ನು ಬಡಿಸಿ ನೆಂಟಸ್ತನ ಗಟ್ಟಿ ಮಾಡುವ ದಿನ ಅದು. ಬಂಡೂರು ಕುರಿಯ ಊಟವೆಂದರೆ ಕರೆಯದವರೂ ಬರುತ್ತಾರೆ. ಒಂದು ಪಂಕ್ತಿ ಉಣ್ಣುತ್ತಿರುವಾಗಲೇ ಮುಂದಿನ ಪಂಕ್ತಿಯವರು ಕುರ್ಚಿಯ ಹಿಂದೆ ಬಂದು ನಿಲ್ಲುತ್ತಾರೆ. ಉಣ್ಣುವವನ ಬೆನ್ನಿಗೆ ಅವರ ಉಸಿರು ತಾಗುತ್ತಿರುತ್ತದೆ. ಅವನು ಎಲೆ ಮಡಿಸಿದ ಕೂಡಲೇ ಕುರ್ಚಿ ಇವರದು. ಹಾಗಂತ ಗಡಿಬಿಡಿಯಲ್ಲಿ ಏಳುವ ಹಾಗೂ ಇಲ್ಲ, ಪಕ್ಕದವನು ಮುಗಿಸುವ ತನಕ ಕೂತಿರಬೇಕು. ಹೆಣ್ಣಿನ ಕಡೆಯವರಾದ ನಾವು ಉಣ್ಣಬೇಕಾದದ್ದು ಎಲ್ಲರದೂ ಮುಗಿದ ಮೇಲೆ, ಕಡೇ ಪಂಕ್ತಿಯಲ್ಲಿ. ಅದು ಮುಗಿಯುವಷ್ಟರಲ್ಲಿ ಸಂಜೆಯೇ ಆಗುತ್ತದೆ.

ನಮ್ಮ ಯಜಮಾನರಿಗೆ ಹೇಳಿದೆ. ಅವರು ಸಾರು ಬಡಿಸುವ ಬಕೆಟ್ಟಿನ ಉಸ್ತುವಾರಿ ಹೊತ್ತವರು. "ನಮ್ಮಮ್ಮನ್ನ ನೀನೇ ಕೇಳು, ನನ್ನ ಯಾಕೆ ಸಿಕ್ಕಿಸ್ತೀಯ?" ಎಂದು ಜಾರಿಕೊಂಡರು. ಅತ್ತೆಗೆ ಹೇಳಿದೆ. "ಆ ಕಿರುಚೋರಾ?" ಅಂದರು, ಸೊಪ್ಪು ಸೋಸುವುದು ಮುಂದುವರಿಸಿದರು. ಅಲ್ಲಿಗೆ ಮುಗಿಯಿತು ಎಂದುಕೊಂಡು ಆ ಸಿಟ್ಟಿನಲ್ಲಿ ಎರಡು ದಿನ ನಾನು ಗುನುಗಲೂ ಇಲ್ಲ.

ಭಾನುವಾರ ಅತ್ತೆಯ ತವರಿನಲ್ಲಿ ಶಾಮಿಯಾನದ ಬಾಗಿಲಿಗೆ ನಿಂತು ಬೀಗಿತ್ತಿಯರಿಗೆ ಕುಂಕುಮ ಕೊಡುತ್ತಿದ್ದೆ. ನಗುತ್ತಿದ್ದೆ, ಆದರೆ ಒಳಗೆ ಕುದಿಯುತ್ತಿದ್ದೆ. ಎರಡನೇ ಪಂಕ್ತಿ ಏಳುತ್ತಿದ್ದ ಹಾಗೆ ಇಡೀ ಶಾಮಿಯಾನಕ್ಕೆ ಕೇಳುವಂತೆ ಅತ್ತೆಯ ದನಿ ಬಂತು: "ಬಾರಮ್ಮೀ, ನಿಂಗೆ ಎಲೆ ಆಕವ್ರೆ!"

ನೋಡಿದರೆ ಬೀಗರ ಕಡೆಯ ಒಬ್ಬ ಗಟ್ಟಿ ಆಸಾಮಿಯ ಕುರ್ಚಿಯ ಹಿಂದೆ ಅತ್ತೆ ಅದೆಷ್ಟು ಹೊತ್ತಿನಿಂದ ನಿಂತಿದ್ದರೋ! ಅವನು ಎದ್ದ ಜಾಗಕ್ಕೆ ಅಂಗೈ ಊರಿ ಕಾವಲು ಕಾಯುತ್ತಿದ್ದರು. ಅವರ ತಮ್ಮ, ಅಂದರೆ ಊಟ ಹಾಕಿಸುತ್ತಿದ್ದ ಮದುವಣಗಿತ್ತಿಯ ಅಪ್ಪ, ಓಡಿ ಬಂದರು. "ಅಕ್ಕಾ, ಮನೆಯೋರು ಕಡೇ ಪಂಕ್ತಿ ಕಣಕ್ಕ. ಬೀಗ್ರು ಏನಂದ್ಕತಾರೆ?"

"ಅವ್ಳಿಗೆ ಮಂಡ್ಯದಲ್ಲಿ ಕೆಲ್ಸ ಅದೆ ಕಣ್ಲಾ."

"ಬಾನುವಾರ ಎಂತಾ ಕೆಲ್ಸ?"

"ಎಲೆಕ್ಸನ್ನು," ಎಂದರು ಅತ್ತೆ, ಕಣ್ಣು ಮಿಟುಕಿಸದೆ.

ಮೇಷ್ಟ್ರುಗಳಿಗೆ ಎಲೆಕ್ಷನ್ ಡ್ಯೂಟಿ ಎಂದ ಮೇಲೆ ಈ ದೇಶದಲ್ಲಿ ಮರುಪ್ರಶ್ನೆಯಿಲ್ಲ. ಆಗ ಎಲ್ಲೂ ಯಾವ ಎಲೆಕ್ಷನ್ನೂ ಇರಲಿಲ್ಲ. ಆದರೂ ಅತ್ತೆಯ ತಮ್ಮ "ಅಯ್ಯೋ ಪಾಪ" ಎಂದು ನನ್ನ ಎಲೆಗೆ ಇನ್ನೆರಡು ತುಂಡು ಹಾಕಿಸಿದರು. ನಾನು ಉಂಡು ಎದ್ದು ನೋಡಿದರೆ ಅತ್ತೆ ಸ್ಟೀಲಿನ ದೊಡ್ಡ ಕ್ಯಾರಿಯರು ಹಿಡಿದು, ಸೆರಗು ಸಿಕ್ಕಿಸಿಕೊಂಡು ಹೊರಟೇ ನಿಂತಿದ್ದಾರೆ.

"ನೀವೆಲ್ಲಿಗೆ ಅತ್ತೆ?"

"ಸುಳ್ಳ್ ಏಳ್ಬುಟ್ಟು ನಾನಿಲ್ಲಿ ಇರಕ್ಕಾದದಾ? ಸಂಜೆ ಗಂಟ ನನ್ ತಮ್ಮ ಎಲೆಕ್ಸನ್ ಇಚಾರ ಕೇಳ್ತಾನೆ. ನಡಿ ನಡಿ."

ಮಳವಳ್ಳಿಗೆ ಬಂದು ಮಂಡ್ಯದ ಬಸ್ಸು ಹತ್ತಿದೆವು. ರೇಷ್ಮೆ ಸೀರೆ, ತಲೆಯಲ್ಲಿ ಮಲ್ಲಿಗೆ, ತೊಡೆಯ ಮೇಲೆ ಮಸಾಲೆಯ ಪರಿಮಳ ಬೀರುವ ಕ್ಯಾರಿಯರು. ರಾಕ್ ಗಿಗ್ಗಿಗೆ ಹೀಗೆ ಸಿಂಗರಿಸಿಕೊಂಡು ಹೋದವರು ನಮ್ಮಿಬ್ಬರನ್ನು ಬಿಟ್ಟರೆ ಇನ್ಯಾರೂ ಇರಲಾರರು.

ಗಿಗ್ಗು ಇದ್ದದ್ದು ನಿಶ್ಚಿತಾರ್ಥ, ನಾಮಕರಣಗಳಿಗೆ ಬಾಡಿಗೆ ಕೊಡುವ ಒಂದು ಮಿನಿ ಹಾಲಿನಲ್ಲಿ. ಅತ್ತೆ ಒಳಗೆ ಕಾಲಿಟ್ಟವರೇ ಸುತ್ತ ನೋಡಿ, "ಇಲ್ಲೇ ಕಣಮ್ಮಿ ನಾವು ಒಂದ್ಸಲ ಬೀಗ್ರೂಟ ಉಂಡಿದ್ದು, ಮುದ್ದೆ ಒಸಿ ಗಟ್ಟಿಯಾಗಿತ್ತು," ಅಂದರು. ಮುಂದೆಲ್ಲ ಕಪ್ಪು ಟೀ ಶರ್ಟಿನ ಹುಡುಗರು ನಿಂತಿದ್ದರು. ಗೋಡೆಯ ಬದಿಗೆ ಒಂದು ಸಾಲು ಪ್ಲಾಸ್ಟಿಕ್ ಕುರ್ಚಿ, ಎಲ್ಲ ಭರ್ತಿ. ಕುಂಕುಮ ಕೊಟ್ಟು ಕೊಟ್ಟು ನನ್ನ ಕಾಲು ಬಿದ್ದುಹೋಗಿತ್ತು. ಗೋಡೆಗೊರಗಿ ನಿಂತೆ.

ಮೊದಲು ಕಾಲೇಜು ಹುಡುಗರ ಒಂದು ಬ್ಯಾಂಡು ನುಡಿಸಿತು. ಉತ್ಸಾಹ ಹೆಚ್ಚು, ಶ್ರುತಿ ಕಮ್ಮಿ. "ಇವ್ರೇನಾ?" ಎಂದರು ಅತ್ತೆ. ಅಲ್ಲ, ಇವರು ಮೊದಲು, ಅವರು ಆಮೇಲೆ ಎಂದೆ. "ಓಹೋ, ಉಪ್ಪು, ಉಪ್ಪಿನ್ಕಾಯಿ ಬಡುಸ್ತಾವ್ರೆ ಅನ್ನು," ಎಂದು ಅರ್ಥ ಮಾಡಿಕೊಂಡು ಎತ್ತಲೋ ಹೋದರು. ನಾನು ವೇದಿಕೆ ನೋಡುತ್ತಿದ್ದೆ. ಆಮೇಲೆ ತಿರುಗಿ ನೋಡಿದೆ. ಅತ್ತೆ ಒಬ್ಬ ಹುಡುಗನ ಕುರ್ಚಿಯ ಹಿಂದೆ ನಿಂತಿದ್ದಾರೆ. ಎರಡೂ ಕೈ ಕುರ್ಚಿಯ ಬೆನ್ನ ಮೇಲೆ. ದೃಷ್ಟಿ ಅವನ ನೆತ್ತಿಯ ಮೇಲೆ. ಕಿವಿಗೊಂದು ಓಲೆ, ತೋಳಿಗೆ ಹಚ್ಚೆ ಹಾಕಿಸಿದ್ದ ಆ ಹುಡುಗ ಒಮ್ಮೆ ತಿರುಗಿ ನೋಡಿದ. ಅತ್ತೆ ಕದಲಲಿಲ್ಲ. ಇನ್ನೊಮ್ಮೆ ನೋಡಿದ. ಅತ್ತೆ "ಊಂ, ಮುಗುಸಪ್ಪ, ನಿದಾನುಕ್ ಮುಗ್ಸು," ಎಂದು ಸಮಾಧಾನ ಹೇಳಿದರು. ಏನು ಮುಗಿಸಬೇಕೋ ಅವನಿಗೆ ಹೊಳೆಯಲಿಲ್ಲ. ಪಾಪ, ಎದ್ದೇಬಿಟ್ಟ. ಅವನ ಜೊತೆಗಾರನೂ ಎದ್ದ. ಅತ್ತೆ ಎರಡೂ ಕುರ್ಚಿಗೆ ಕೈ ಹಾಕಿ ನನ್ನನ್ನು ಕೂಗಿದರು: "ಬಾರಮ್ಮೀ!"

ನಾಚಿಕೆಯಿಂದ ಸಾಯುವ ಹಾಗಾಯಿತು, ಆದರೂ ಹೋಗಿ ಕೂತೆ. ಕಾಲು ನೋಯುವವರಿಗೆ ಮಾನ ದೊಡ್ಡದಲ್ಲ.

ಆಮೇಲೆ ನಮ್ಮವರು ಬಂದರು. ಅಭಿಮಾನ ಬದಿಗಿಟ್ಟು ಹೇಳುವುದಾದರೆ ಬೇಸು ವಿಪರೀತ ಹೆಚ್ಚಿತ್ತು, ಮೊದಲ ಎರಡು ಹಾಡಿನಲ್ಲಿ ಮಾತೇ ಕೇಳಲಿಲ್ಲ. ಗಾಯಕನ ದನಿ ರೆಕಾರ್ಡಿನಲ್ಲಿದ್ದಷ್ಟು ಏರುತ್ತಿರಲಿಲ್ಲ, ಏರದ ಕಡೆ ಅವನು ಮಾತಿನಂತೆ ಹೇಳಿಬಿಡುತ್ತಿದ್ದ, ಅದೇ ಇನ್ನೂ ಚೆನ್ನಾಗಿತ್ತು. ನಾಲೆಯ ಹಾಡಿನಲ್ಲಿ ಗಿಟಾರಿನವನು ನುಡಿಸಿದ್ದು ಈಗಲೂ ಮೈಯಲ್ಲಿದೆ. ಆದರೆ ಅವನೂ ಗಾಯಕನೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಆ ತುದಿಗೊಬ್ಬ, ಈ ತುದಿಗೊಬ್ಬ. ಹಾಡು ಒಂದೊಂದಾಗಿ ಮುಗಿಯುತ್ತಿತ್ತು, ಬೆಂಚಿನ ಹಾಡು ಬರುತ್ತಿರಲಿಲ್ಲ. ಇದಾದ ಮೇಲೆ, ಇದಾದ ಮೇಲೆ ಎಂದು ಕಾದೆ. ಕೊನೆಗೆ ಗಾಯಕ ಕೈಮುಗಿದು "ಬತ್ತೀವಿ" ಅಂದ. ದೀಪ ಹತ್ತಿತು. ಹುಡುಗರು ಕೂಗಿದರು, ಸೀಟಿ ಹೊಡೆದರು, ಅಪ್ಪಿಕೊಂಡರು, ಚದುರಿದರು. ನಾನು ಚಿಕ್ಕ ಹುಡುಗಿಯ ಹಾಗೆ ತುಟಿ ಕಚ್ಚಿಕೊಂಡೆ.

"ನಡೀರಿ ಅತ್ತೆ, ಮುಗೀತು," ಅಂದೆ.

ಅತ್ತೆ ಏಳಲಿಲ್ಲ. ಕ್ಯಾರಿಯರನ್ನು ಕಾಲ ಬಳಿ ಸರಿಯಾಗಿ ಇಟ್ಟುಕೊಂಡು ಕೂತೇ ಇದ್ದರು. ಹಾಲು ಖಾಲಿಯಾಯಿತು. ಬ್ಯಾಂಡಿನವರು ವೈರು ಸುತ್ತಲು ಶುರು ಮಾಡಿದರು. ಗಾಯಕ ನಮ್ಮ ಕಡೆ ನೋಡಿ, ಹತ್ತಿರ ಬಂದು, "ಅಜ್ಜಿ, ಮುಗೀತು. ಯಾರಾದ್ರೂ ಬರಬೇಕಾ ಕರ್ಕೊಂಡ್ ಹೋಗಕ್ಕೆ?" ಎಂದು ಮೆಲ್ಲಗೆ ಕೇಳಿದ.

"ನಂದು ಮುಗೀತು ಕಣಪ್ಪ. ನಮ್ ಸೊಸೇದು ಇನ್ನೂ ಆಗಿಲ್ಲ. ಪಕ್ಕದೋರ್ದು ಮುಗಿಯೋ ಗಂಟ ಎದ್ದೇಳ್ಬಾರ್ದಲ್ವಾ?"

ಅವನು ನನ್ನ ಮುಖ ನೋಡಿದ. ಅತ್ತೆಯೇ ಹೇಳಿದರು: "ಪಾತ್ರೆ ತೊಳೀವಾಗ ದಿನಾ ಒಂದ್ ಪದ ಏಳ್ಕತಾಳೆ. ಬಸ್ಟ್ಯಾಂಡು, ಬೆಂಚು ಅಂತ. ಕುಂತಿದ್ರೆ ಅನ್ನೋ ಅಷ್ಟೊತ್ಗೆ ನಿಲ್ಲುಸ್ಬುಡ್ತಾಳೆ. ದಿನಾ ಅಲ್ಲಿಗೇಯ. ಅರ್ದ ಉಂಡು ಎದ್ದಂಗೆ. ಅದು ಬರ್ಲೇ ಇಲ್ವಲ್ಲಪ್ಪ ಇವತ್ತು?"

ನಾನು ಅತ್ತೆಯನ್ನೇ ನೋಡಿದೆ. ಎಮ್ಮೆಗೆ ಇಂಜೆಕ್ಷನ್ನು ಎಂದವರು ಇಷ್ಟು ವರ್ಷವೂ ಕಿವಿಗೊಟ್ಟು ಕೇಳುತ್ತಿದ್ದರು. ಎಲ್ಲಿ ನಿಲ್ಲುತ್ತದೆ ಎಂಬುದೂ ಅವರಿಗೆ ಗೊತ್ತಿತ್ತು. ಆ ಹೊತ್ತು ನನಗೆ ಆ ಬ್ಯಾಂಡಿಗಿಂತ ಅತ್ತೆಯ ಮೇಲೆ ಹೆಚ್ಚು ಅಭಿಮಾನ ಉಕ್ಕಿತು.

ಗಾಯಕ ತಲೆ ಕೆರೆದುಕೊಂಡ. "ಅದು ಅಷ್ಟೇ ಅಜ್ಜಿ, ಇರೋದು. ಮುಂದಕ್ಕೆ ಇಲ್ಲ."

ಅಂದರೆ ಬ್ಯಾಟರಿ ಮುಗಿದಿರಲಿಲ್ಲ! ಹಾಡೇ ಮುಗಿದಿರಲಿಲ್ಲ. ಬೆಂಚು ಖಾಲಿಯಿರಬೇಕು, ಆಮೇಲೆ ಬರೀ ಗಿಟಾರು ಎಂದು ಗಿಟಾರಿನವನ ಹಟ. ಗೆಳೆಯ ಕೂತಿರಬೇಕು, ಅವನಿಗೊಂದು ಮಾತು ಹೇಳಬೇಕು ಎಂದು ಗಾಯಕನ ಹಟ. ಆ ಮಾತು ಏನೆಂದರೆ ಅವನಿಗೂ ತಿಳಿಯದು. ಎತ್ತು ಏರಿಗೆ, ಕೋಣ ನೀರಿಗೆ. ಜಗಳ ಶುರುವಾದದ್ದೇ ಅಲ್ಲಿ, ಬೆಳೆದು ಬೆಳೆದು ಬ್ಯಾಂಡೇ ಮುರಿಯಿತು. ಇಷ್ಟನ್ನು ಅವನು ನಗುತ್ತಲೇ ಹೇಳಿದ. ಗಿಟಾರಿನವನು ಅಲ್ಲೇ ಬೆನ್ನು ತಿರುಗಿಸಿ ವೈರು ಸುತ್ತುತ್ತಿದ್ದ.

"ಊಟ ಮಾಡಿದ್ರಾ?" ಎಂದರು ಅತ್ತೆ.

ಮಾಡಿರಲಿಲ್ಲ. ಅತ್ತೆ ಕ್ಯಾರಿಯರು ಬಿಚ್ಚಿದರು. ಆ ವಾಸನೆಗೆ ನಾಲ್ವರೂ ವೈರು ಬಿಟ್ಟು ಬಂದರು. ಡ್ರಮ್ಮಿನವನು ಮಟನ್ನು ತಿನ್ನುವವನಲ್ಲ, ಅವನಿಗೆ ಮದುವೆಯ ಲಾಡು. ಹಾಲಿನವರಿಂದ ಪೇಪರ್ ತಟ್ಟೆ ತಂದು ಬಡಿಸಿದೆ. ಒಂದೇ ಸಾಲು ಕುರ್ಚಿಯಲ್ಲಿ ಗಾಯಕ ಆ ತುದಿಗೆ, ಗಿಟಾರಿನವನು ಈ ತುದಿಗೆ. ನಡುವೆ ಇಬ್ಬರು ಕೂತರೂ ಖಾಲಿ ಕುರ್ಚಿಗಳು ಉಳಿದಿದ್ದವು. ಅತ್ತೆ ಒಂದು ಗಳಿಗೆ ಇದನ್ನು ನೋಡಿದರು. ಗಿಟಾರಿನವನ ಮುಂದೆ ಹೋಗಿ ನಿಂತು, "ಒಸಿ ಜರಗು, ನಾನೂ ಕುಂತ್ಕತೀನಿ," ಅಂದರು. ಅವನು ತಟ್ಟೆ ಹಿಡಿದು ಒಂದು ಕುರ್ಚಿ ಜರುಗಿದ. ಅತ್ತೆ ಕೂತು, "ಇನ್ನೂ ಒಸಿ ಜರಗು, ನಮ್ ಸೊಸೇನೂ ಕುಂತ್ಕತಾಳೆ," ಅಂದರು. ಹೀಗೆ ಜರುಗಿ ಜರುಗಿ ನಾಲ್ವರ ಮೊಣಕೈಯೂ ಒಂದಕ್ಕೊಂದು ತಾಗಿತು.

"ಯಾರೂ ನಡ್ವೆ ಎದ್ದೇಳಂಗಿಲ್ಲ ಮತ್ತೆ," ಎಂದರು ಅತ್ತೆ. ಯಾರೂ ಏಳಲಿಲ್ಲ. ಗಾಯಕ ಮೂಳೆ ಚೀಪುತ್ತಾ ಗಿಟಾರಿನವನಿಗೆ ಏನೋ ಅಂದ, ಅವನು "ಹೋಗ್ಲಾ ಲೇ" ಅಂದ. ಆ ಸಂಜೆ ಅವರು ಮಾತಾಡಿದ್ದರಲ್ಲಿ ನಾನು ಕೇಳಿದ್ದು ಅಷ್ಟೇ. ಮದ್ದೂರಿನ ಬಸ್ಸಿನಲ್ಲಿ ಅತ್ತೆ ಖಾಲಿ ಕ್ಯಾರಿಯರು ತಬ್ಬಿಕೊಂಡು ನಿದ್ದೆ ಹೋದರು. ನನಗೆ ಬೇಸರವೇನೂ ಆಗಲಿಲ್ಲ. ಇಲ್ಲದ ಕೊನೆಗೆ ಕಾಯುವುದು ತಪ್ಪಿತಲ್ಲ ಎಂದುಕೊಂಡೆ. ಗುನುಗುವುದು ಮಾತ್ರ ನಿಲ್ಲಲಿಲ್ಲ.

ಇದಾದ ಮೇಲೆ ಒಂದು ಯುಗಾದಿ ಕಳೆಯಿತು. ಮೊನ್ನೆ ಶುಕ್ರವಾರ ಸಂಜೆ ಮಳವಳ್ಳಿಯಿಂದ ಬರುವಾಗ ಯಾವ ಮುನ್ಸೂಚನೆಯೂ ಇಲ್ಲದೆ ಅವರ ಹೆಸರಿನಲ್ಲಿ ಒಂದು ಹಾಡು ಬಂದಿತ್ತು. ಬ್ಯಾಂಡು ಮತ್ತೆ ಕೂಡಿದೆಯೋ ಇಲ್ಲವೋ, ಮುಂದೆ ಆಲ್ಬಮ್ಮು ಉಂಟೋ ಇಲ್ಲವೋ, ಒಂದು ಸಾಲಿನ ವಿವರಣೆಯೂ ಇಲ್ಲ. ಈ ಕಾಲದಲ್ಲಿ ಇಷ್ಟು ಕಮ್ಮಿ ಮಾತಾಡುವ ಬ್ಯಾಂಡು ಬೇರೆ ಯಾವುದಿದೆ ಹೇಳಿ! ಒತ್ತಿದೆ. ಬಸ್ ಸ್ಟ್ಯಾಂಡು, ಕಲ್ಲುಬೆಂಚು. ಈ ಸಲ ಗ್ಲಾಸಿನ ಸದ್ದಿಲ್ಲ, ಕೆಮ್ಮಿಲ್ಲ. 'ನೀನಿನ್ನೂ ಅಲ್ಲೇ ಕುಂತಿದ್ರೆ' ಬರುತ್ತಿದ್ದ ಹಾಗೆ ಅಲ್ಲಿಗೇ ನಿಲ್ಲಿಸಿಬಿಟ್ಟೆ. ಒಬ್ಬಳೇ ಕೇಳಲು ಮನಸ್ಸಾಗಲಿಲ್ಲ. ಕೆ.ಎಂ. ದೊಡ್ಡಿಯಿಂದ ಮದ್ದೂರಿನವರೆಗೆ ಬೆರಳು ತುರಿಸುತ್ತಿತ್ತು, ಮೊಬೈಲನ್ನು ಬ್ಯಾಗಿನ ತಳಕ್ಕೆ ಹಾಕಿ ಟಿಫನ್ ಬಾಕ್ಸು ಹೇರಿದೆ.

ಮನೆಗೆ ಬಂದವಳೇ ಹಿತ್ತಲ ಮೆಟ್ಟಿಲ ಮೇಲೆ ಕೂತು ಅತ್ತೆಯನ್ನು ಕರೆದೆ. ಕೈ ಒರೆಸಿಕೊಳ್ಳುತ್ತಾ ಬಂದು ಪಕ್ಕ ಕೂತರು. ಒಂದು ಇಯರ್‌ಫೋನು ಅವರ ಕಿವಿಗಿಟ್ಟು, ಇನ್ನೊಂದು ನನ್ನ ಕಿವಿಗಿಟ್ಟುಕೊಂಡು ಮೊದಲಿನಿಂದ ಹಾಕಿದೆ. ಅತ್ತೆ ಕಣ್ಣು ಮುಚ್ಚಿ ಕೇಳಿದರು. ಅವನು 'ನೀನಿನ್ನೂ ಅಲ್ಲೇ ಕುಂತಿದ್ರೆ' ಅಂದ. ಗಿಟಾರು, ಬೇಸು, ಡ್ರಮ್ಮು ಎಲ್ಲ ಒಟ್ಟಿಗೇ ನಿಂತವು. ಆಮೇಲೆ ಹಾಡಿನಂತಲ್ಲದೆ, ಪಕ್ಕದಲ್ಲೇ ನಿಂತು ಮಾತಾಡಿದ ಹಾಗೆ ಅವನ ದನಿ ಬಂತು: 'ಒಸಿ ಜರಗು, ನಾನೂ ಕುಂತ್ಕತೀನಿ.' ಅದರ ಬೆನ್ನಿಗೇ ಗಿಟಾರು ಕೋಡಿ ಒಡೆದ ಹಾಗೆ ನುಗ್ಗಿತು.

ಅತ್ತೆ ಕಣ್ಣು ತೆರೆದರು. ಗಿಟಾರು ಮುಗಿಯುವ ತನಕ ಕೂತು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಕಳ್ ನನ್ ಮಕ್ಳು," ಅಂದರು. ಸೆರಗಿನಿಂದ ಮುಖ ಒರೆಸಿಕೊಂಡು, ಕಿವಿಯಿಂದ ಜಾರುತ್ತಿದ್ದ ಇಯರ್‌ಫೋನನ್ನು ತಾವೇ ಒತ್ತಿಕೊಂಡು, "ಇನ್ನೊಂದ್ ಕಿತ ಆಕು," ಅಂದರು.